ಡೀಸೆಲ್ ಮಾರ್ಗವನ್ನು ಶುದ್ಧಿಮಾಡಿದ ಬಳಿಕ ಎಡವಿ ನಡೆಯುವ ಇಂಜಿನು: ಕಾರಣಗಳೂ ಪರಿಹಾರಗಳೂ

ಹೊಳೆ, ಕೆರೆ, ಬಾವಿಗಳಿಂದ ನೀರೆತ್ತುವುದಕ್ಕಾಗಿ ಡೀಸೆಲ್ ಇಂಜಿನುಗಳನ್ನು ಇಟ್ಟುಕೊಂಡಿರುವ ಸಾಗುವಳಿದಾರರಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು ಒಂದುಂಟು. ಇಂಜಿನು ಅಲ್ಲಿಯವರೆಗೆ ಚೆನ್ನಾಗಿಯೇ ನಡೆಯುತ್ತಿತ್ತು. ಬೇಸಗೆಯ ಬೆಳೆಗೆ ನೀರು ಹಾಯಿಸುವ ಕಾಲ ಬಂತೆಂದು ಟ್ಯಾಂಕನ್ನು ತೊಳೆದು, ಫಿಲ್ಟರನ್ನು ಬದಲಾಯಿಸಿ, ಕೊಳವೆಗಳನ್ನು ಬಿಚ್ಚಿ ಶುದ್ಧಿಮಾಡಲಾಯಿತು. ಆಮೇಲೆ ಚಾಲೂ ಮಾಡಿದರೆ ಇಂಜಿನು ಉಸಿರು ಕಟ್ಟಿದಂತೆ ತಡೆದು ತಡೆದು ನಡೆಯುತ್ತದೆ, ಬಿಳಿಯ ಹೊಗೆಯನ್ನು ಉಗುಳುತ್ತದೆ, ಕೆಲವು ನಿಮಿಷಗಳಲ್ಲಿ ನಿಂತೇಹೋಗುತ್ತದೆ.

ಇಂಥ ಸಂದರ್ಭದಲ್ಲಿ ಎರಡು ಬಗೆಯ ತಪ್ಪು ನಿರ್ಣಯಗಳು ನಡೆಯುವುದನ್ನು ಕಾಣಬಹುದು. ಕೆಲವರು ಶುದ್ಧಿಮಾಡಿದ್ದೇ ಕೆಡುಕಿಗೆ ಕಾರಣವೆಂದು ಬಗೆದು ಮುಂದೆ ಎಷ್ಟೋ ವರ್ಷ ಫಿಲ್ಟರಿನ ತಂಟೆಗೇ ಹೋಗುವುದಿಲ್ಲ; ಅದರ ಫಲವಾಗಿ ಕಸವೂ ನೀರೂ ಒಳಸೇರಿ ಬೆಲೆಬಾಳುವ ಭಾಗಗಳು ಸವೆದುಹೋಗುತ್ತವೆ. ಮತ್ತೆ ಕೆಲವರು ಇಂಜಿನಿನ ಪ್ರಾಣಸ್ಥಾನವೇ ಕೆಟ್ಟಿತೆಂದು ಹೆದರಿ, ಇಂಜೆಕ್ಷನ್ ಪಂಪನ್ನೂ ನೋಸಲನ್ನೂ ಬಿಚ್ಚಿಸಿ ಪಟ್ಟಣದ ಕಾರ್ಖಾನೆಗೆ ಕಳುಹಿಸುತ್ತಾರೆ. ಅವು ಹಿಂದಿರುಗುವ ವೇಳೆಗೆ ಪೈರು ಬಾಡಿರುತ್ತದೆ. ಇವೆರಡೂ ಅನಾವಶ್ಯಕ. ನಿನ್ನೆ ಚೆನ್ನಾಗಿ ನಡೆದ ಇಂಜಿನು ಇಂದು ಎಡವುತ್ತಿದ್ದರೆ, ನಡುವೆ ಯಾವ ಯಾವ ಭಾಗಗಳಿಗೆ ಕೈ ಸೋಂಕಿತೋ ಆ ಭಾಗಗಳಲ್ಲಿಯೇ ದೋಷವನ್ನು ಮೊದಲು ಹುಡುಕತಕ್ಕದ್ದು. ಟ್ಯಾಂಕು, ನಲ್ಲಿ, ಕೊಳವೆ, ಫಿಲ್ಟರು, ವಾಷರುಗಳು ಇವಿಷ್ಟನ್ನೇ ಮುಟ್ಟಿದ್ದರೆ, ಮುಟ್ಟದಿದ್ದ ಪಂಪು ಅದೇ ದಿನ ತಾನಾಗಿ ಕೆಟ್ಟಿತೆಂದು ಭಾವಿಸುವುದು ಯುಕ್ತವಲ್ಲ. ಮುಟ್ಟಿದ ಸ್ಥಳಗಳಲ್ಲಿ ಉಂಟಾಗುವ ದೋಷಗಳ ಪೈಕಿ ಅತ್ಯಂತ ಸಾಮಾನ್ಯವಾದುದು ಕೊಳವೆಯೊಳಗೆ ಸೇರಿಕೊಂಡ ಗಾಳಿ. ಇದನ್ನೇ ಮಿಸ್ತ್ರಿಗಳು ‘ಏರ್ ಹಿಡಿದಿದೆ’ ಎನ್ನುವರು.

ಎಡವುವ ಇಂಜಿನಿನಿಂದ ಆಗುವ ನಷ್ಟ

‘ನಿಂತಿಲ್ಲವಲ್ಲ, ಹೇಗೋ ನಡೆಯುತ್ತಿದೆ’ ಎಂದು ಸಮಾಧಾನಪಟ್ಟುಕೊಳ್ಳುವವರು ಲೆಕ್ಕವನ್ನು ಸ್ವಲ್ಪ ನೋಡಬೇಕು. ಒಂದು ಎಕರೆ ಗದ್ದೆಯಲ್ಲಿ ಎರಡು ಅಂಗುಲ ನೀರು ನಿಲ್ಲಬೇಕಾದರೆ ಸುಮಾರು 2 ಲಕ್ಷ ಲೀಟರು ನೀರು ಬೇಕು. ಸೆಕೆಂಡಿಗೆ 10 ಲೀಟರು ಕೊಡುವ ಪಂಪು ಇದನ್ನು ಐದೂವರೆ ಗಂಟೆಗಳಲ್ಲಿ ಮುಗಿಸುವುದು. ಈಗ ಇಂಜಿನಿನ ವೇಗವು ಐದರಲ್ಲಿ ಒಂದು ಪಾಲು ಕಡಮೆಯಾಯಿತೆನ್ನೋಣ. ನೀರೂ ಐದರಲ್ಲಿ ಒಂದು ಪಾಲು ಮಾತ್ರ ಕಡಮೆಯಾಗುವುದೆಂದು ಹಲವರ ಎಣಿಕೆ. ಅದು ಸರಿಯಲ್ಲ. ತಿರುಗುವ ಚಕ್ರದಿಂದ ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪುಗಳಲ್ಲಿ ನೀರು ಏರುವ ಎತ್ತರವು ವೇಗದ ವರ್ಗವನ್ನು ಅನುಸರಿಸುವುದು. ಹೇಗೆಂದರೆ, ಪೂರ್ಣ ವೇಗದಲ್ಲಿ 30 ಅಡಿ ಎತ್ತಬಲ್ಲ ಪಂಪು ಐದರಲ್ಲಿ ನಾಲ್ಕು ಪಾಲು ವೇಗದಲ್ಲಿ ಸುಮಾರು 19 ಅಡಿ ಮಾತ್ರ ಎತ್ತುವುದು. ದಂಡೆಯ ಎತ್ತರ 22 ಅಡಿಯಿದ್ದರೆ ಹೊಲಕ್ಕೆ ಒಂದು ತೊಟ್ಟು ನೀರೂ ಬಾರದು. ಇಂಜಿನು ಮಾತ್ರ ಸದ್ದುಮಾಡುತ್ತ ಡೀಸೆಲನ್ನು ಸುಡುತ್ತಲೇ ಇರುವುದು. ಬತ್ತವು ಹೊಡೆಯಾಡುವ ಸಮಯದಲ್ಲಿ ಹೀಗೆ ನಾಲ್ಕೈದು ದಿನ ಕಳೆದರೆ ಜೊಳ್ಳು ಹೆಚ್ಚುವುದು ನಿಶ್ಚಯ.

ಇಂಜಿನಿನೊಳಗೆ ನಡೆಯುವುದೇನು

ಕಾರಣವನ್ನು ಅರಿಯದೆ ಸ್ಪ್ಯಾನರು ಹಿಡಿಯುವುದು ಕತ್ತಲೆಯಲ್ಲಿ ಕೈಯಾಡಿಸಿದಂತೆ. ಜರ್ಮನಿಯ ರೂಡಾಲ್ಫ್ ಡೀಸೆಲ್ ಎಂಬ ಶಿಲ್ಪಜ್ಞನು 1892ರಲ್ಲಿ ಪೇಟೆಂಟಿಗೆ ಅರ್ಜಿಮಾಡಿ, 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ನಡೆಯಿಸಿ ತೋರಿಸಿದ ಇಂಜಿನಿನಲ್ಲಿ ಬೆಂಕಿಯ ಕಿಡಿಯಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಅದರ ಗಾತ್ರದ ಹದಿನಾರು ಹದಿನೆಂಟರಲ್ಲಿ ಒಂದು ಪಾಲಿಗೆ ಅದುಮಿದಾಗ ಹುಟ್ಟುವ ಕಾವಿನಲ್ಲಿಯೇ ಡೀಸೆಲು ಹೊತ್ತಿಕೊಳ್ಳುವುದು. ಮೊದಲಿನ ಇಂಜಿನುಗಳಲ್ಲಿ ಇಂಧನವನ್ನು ಒಳಗೆ ಊದುವುದಕ್ಕೆ ಗಾಳಿ ಅದುಮುವ ದೊಡ್ಡದೊಂದು ಯಂತ್ರವೇ ಬೇಕಾಗಿತ್ತು. 1927ರಿಂದ ಬಾಷ್ ಕಂಪೆನಿಯು ಚಿಕ್ಕ ಇಂಜೆಕ್ಷನ್ ಪಂಪುಗಳನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ, ಒಬ್ಬ ರೈತನು ಗಾಡಿಯಲ್ಲಿ ಹೇರಿಕೊಂಡು ಹೋಗಬಹುದಾದ ಡೀಸೆಲ್ ಇಂಜಿನುಗಳಿಗೆ ಮಾರ್ಗವಾಯಿತು.

ಈ ಪಂಪಿನ ಕೆಲಸ ಎಷ್ಟು ಸೂಕ್ಷ್ಮವೆಂಬುದನ್ನು ನೋಡಬೇಕು. ನಿಮಿಷಕ್ಕೆ 650 ಸುತ್ತು ತಿರುಗುವ ಐದು ಕುದುರೆಶಕ್ತಿಯ ಇಂಜಿನು ಎರಡು ಸುತ್ತಿಗೆ ಒಂದು ಸಲದಂತೆ ನಿಮಿಷಕ್ಕೆ 325 ಸಲ ಡೀಸೆಲನ್ನು ತೆಗೆದುಕೊಳ್ಳುವುದು. ಪೂರ್ಣ ಕೆಲಸದಲ್ಲಿ ಗಂಟೆಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಖರ್ಚಾಗುವುದರಿಂದ, ಒಂದೊಂದು ಸಲಕ್ಕೆ ಬೀಳುವುದು ಹೆಚ್ಚು ಕಡಮೆ ಒಂದೇ ತೊಟ್ಟು. ಆ ಒಂದು ತೊಟ್ಟನ್ನು ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋಗ್ರಾಂ ಒತ್ತಡದಿಂದ ಮಂಜಿನಂತೆ ಚಿಮ್ಮಿಸಬೇಕು. ಡೀಸೆಲು ಅದುಮಿದರೆ ಕುಗ್ಗುವ ಪದಾರ್ಥವಲ್ಲ. ಪಂಪು ಒತ್ತಿದ ಕ್ಷಣದಲ್ಲಿಯೇ ಅತ್ತ ನೋಸಲು ತೆರೆಯುವುದು. ಗಾಳಿಯಾದರೋ ಕುಗ್ಗುವುದು. ಆ ಕೊಳವೆಯಲ್ಲಿ ನಾಲ್ಕಾರು ತೊಟ್ಟಿನಷ್ಟು ಗಾಳಿಯ ಗುಳ್ಳೆ ಕುಳಿತಿದ್ದರೆ, ಪಂಪಿನ ಒತ್ತೆಲ್ಲವೂ ಗುಳ್ಳೆಯನ್ನು ಅದುಮುವುದರಲ್ಲಿಯೇ ವ್ಯಯವಾಗಿ, ನೋಸಲು ತೆರೆಯುವುದೇ ಇಲ್ಲ. ತೆರೆದರೂ ಅರ್ಧ ತೊಟ್ಟು, ಅದೂ ತಡವಾಗಿ ಬೀಳುವುದು. ಸಾಲದ ಡೀಸೆಲು ಸುಡದೆ ಬಿಳಿಯ ಹೊಗೆಯಾಗಿ ಹೊರಬರುವುದು. ಒಂದು ಸಲ ಸುಟ್ಟು ಮತ್ತೊಂದು ಸಲ ತಪ್ಪುವುದರಿಂದಲೇ ಇಂಜಿನು ಎಡವುವುದು.

ಗಾಳಿ ಎಲ್ಲಿಂದ ಬಂತು

ಬಿಚ್ಚಿದ ಕೊಳವೆ ಬರಿದಾಗಿ ಗಾಳಿ ತುಂಬಿಕೊಳ್ಳುವುದು ಸಹಜ. ಅದನ್ನು ಒಂದು ಸಲ ಹೊರಡಿಸಿದರೆ ಸಾಕು. ಆದರೆ ಹೊರಡಿಸಿದ ಬಳಿಕವೂ ಮತ್ತೆ ಮತ್ತೆ ಬರುತ್ತಿದ್ದರೆ ಎಲ್ಲಿಯೋ ಬಾಗಿಲು ತೆರೆದಿದೆಯೆಂದು ತಿಳಿಯತಕ್ಕದ್ದು.

ಇಲ್ಲಿ ಒಂದು ಭೇದವನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೀರೆತ್ತುವ ಚಿಕ್ಕ ಇಂಜಿನುಗಳಲ್ಲಿ ಟ್ಯಾಂಕು ಮೇಲಿದ್ದು ಡೀಸೆಲು ತನ್ನ ಭಾರದಿಂದಲೇ ಇಳಿದುಬರುವುದು. ಇಂಥದರಲ್ಲಿ ಯಾವ ಸಂದು ಸಡಿಲವಾದರೂ ಡೀಸೆಲು ಹೊರಗೆ ತೊಟ್ಟಿಕ್ಕುವುದು, ಕಣ್ಣಿಗೆ ಕಾಣುವುದು. ಟ್ರಾಕ್ಟರುಗಳಲ್ಲಿಯೂ ದೊಡ್ಡ ಇಂಜಿನುಗಳಲ್ಲಿಯೂ ಫೀಡ್ ಪಂಪೆಂಬ ಚಿಕ್ಕ ಪಂಪೊಂದು ಡೀಸೆಲನ್ನು ಟ್ಯಾಂಕಿನಿಂದ ಹೀರಿಕೊಂಡು ಮುಂದಕ್ಕೆ ತಳ್ಳುವುದು. ಟ್ಯಾಂಕಿನಿಂದ ಈ ಪಂಪಿನವರೆಗಿನ ಕೊಳವೆ ಹೀರುವ ಕೊಳವೆ. ಅಲ್ಲಿ ಸಂದು ಸಡಿಲವಾಗಿದ್ದರೆ ಇಂಜಿನು ನಡೆಯುತ್ತಿರುವಾಗ ಡೀಸೆಲು ಹೊರಗೆ ಬಾರದು. ಗಾಳಿಯೇ ಒಳಕ್ಕೆ ಹೋಗುವುದು. ಒರೆಸಿ ನೋಡಿದರೆ ಸಂದು ಒಣಗಿಯೇ ಇರುವುದು. ‘ಎಲ್ಲಿಯೂ ಸೋರುತ್ತಿಲ್ಲ, ಆದುದರಿಂದ ಗಾಳಿಯಿಲ್ಲ’ ಎಂಬ ವಾದವು ಇಲ್ಲಿಯೇ ಮುರಿದುಬೀಳುತ್ತದೆ. ಬೆಳಗ್ಗೆ ಬಹಳ ಹೊತ್ತು ತಿರುಗಿಸಿದ ಮೇಲೆ ಚಾಲೂ ಆಗಿ, ಹಗಲೆಲ್ಲ ತಕ್ಕಮಟ್ಟಿಗೆ ನಡೆದು, ಮರುದಿನ ಬೆಳಗ್ಗೆ ಪುನಃ ಹಾಗೆಯೇ ತೊಂದರೆ ಕೊಡುವ ಟ್ರಾಕ್ಟರಿನಲ್ಲಿ, ರಾತ್ರಿ ಹೀರುವ ಕೊಳವೆಯೊಳಕ್ಕೆ ಗಾಳಿ ನುಗ್ಗಿ ಡೀಸೆಲು ಟ್ಯಾಂಕಿಗೆ ಹಿಂದಿರುಗಿದೆಯೆಂದು ಸಂಶಯಪಡುವುದಕ್ಕೆ ಕಾರಣವಿದೆ.

ಇದನ್ನು ಪರೀಕ್ಷಿಸಲು ಸುಲಭವಾದ ಉಪಾಯವುಂಟು. ಫೀಡ್ ಪಂಪಿಗೆ ಬರುವ ಕೊಳವೆಯ ಬದಲು ಒಂದೆರಡು ಅಡಿ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ತಾತ್ಕಾಲಿಕವಾಗಿ ಜೋಡಿಸಿ, ಕ್ಲಿಪ್ಪಿನಿಂದ ಬಿಗಿದು ಇಂಜಿನನ್ನು ನಡೆಯಿಸಿದರೆ, ಗುಳ್ಳೆಗಳು ಬರುತ್ತಿವೆಯೋ ಇಲ್ಲವೋ ಕಣ್ಣಿಗೇ ಕಾಣುವುದು. ಬರುತ್ತಿದ್ದರೆ ಸಂದುಗಳಿಗೆ ಒಂದೊಂದಾಗಿ ಹೊರಗಿನಿಂದ ದಪ್ಪನಾಗಿ ಗ್ರೀಸು ಮೆತ್ತುತ್ತ ಬರಬೇಕು. ಯಾವ ಸಂದಿಗೆ ಮೆತ್ತಿದಾಗ ಗುಳ್ಳೆ ನಿಲ್ಲುವುದೋ ಅದೇ ಕಳ್ಳಬಾಗಿಲು. ಗ್ರೀಸನ್ನು ಹಾಗೆಯೇ ಬಿಡದೆ ಸಂದನ್ನು ಬಿಚ್ಚಿ ಸರಿಪಡಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಫಿಲ್ಟರನ್ನು ಬದಲಾಯಿಸುವಾಗ ನಡೆಯುವ ಒಂದು ಚಿಕ್ಕ ಅಚಾತುರ್ಯವೂ ಈ ತೊಂದರೆಗೆ ಕಾರಣವಾಗುವುದುಂಟು. ಹಳೆಯ ಫಿಲ್ಟರನ್ನು ತೆಗೆದಾಗ ಅದರ ರಬ್ಬರು ಉಂಗುರವು ಮೇಲಿನ ತಲೆಗೇ ಅಂಟಿಕೊಂಡು ಉಳಿಯುವುದು. ಹೊಸ ಫಿಲ್ಟರಿನ ಉಂಗುರವನ್ನು ಅದರ ಮೇಲೆಯೇ ಕೂರಿಸಿ ಬಿಗಿಯುವರು. ಎರಡು ಉಂಗುರಗಳು ಒಂದರ ಮೇಲೊಂದು ಜಾರಿ, ಎಷ್ಟು ಬಿಗಿದರೂ ಸಂದು ಮುಚ್ಚದು. ಆದಕಾರಣ ಹಳೆಯ ಫಿಲ್ಟರನ್ನು ಎಸೆಯುವ ಮೊದಲು ಅದರ ಉಂಗುರ ಅದರೊಡನೆ ಬಂದಿದೆಯೇ ಎಂದು ನೋಡತಕ್ಕದ್ದು. ಫಿಲ್ಟರಿನ ತಲೆಯ ಮೇಲೆ ಬಾಣದ ಗುರುತಿದ್ದರೆ ಡೀಸೆಲು ಬರುವ ಕೊಳವೆಯೂ ಹೋಗುವ ಕೊಳವೆಯೂ ಅದಕ್ಕನುಸಾರವಾಗಿವೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು.

ತಾಮ್ರದ ವಾಷರುಗಳ ವಿಷಯವೂ ಹಾಗೆಯೇ. ಒಂದು ಸಲ ಬಿಗಿದ ವಾಷರು ಅದುಮಲ್ಪಟ್ಟು ಗಡುಸಾಗುವುದು. ಅದನ್ನೇ ಪುನಃ ಹಾಕಿದರೆ ಸಂದಿಗೆ ಒಗ್ಗಿ ಕೂರದು. ಹೊಸದನ್ನು ಹಾಕುವುದು ಉತ್ತಮ. ಸಿಕ್ಕದಿದ್ದ ಪಕ್ಷದಲ್ಲಿ ಹಳೆಯದನ್ನು ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೃದುವಾಗುವುದು. ಉಕ್ಕನ್ನು ಕಾಯಿಸಿ ನೀರಿಗದ್ದಿದರೆ ಗಡುಸಾಗುವುದನ್ನು ಕಮ್ಮಾರಸಾಲೆಯಲ್ಲಿ ಕಂಡವರಿಗೆ ಇದು ವಿಚಿತ್ರವಾಗಿ ತೋರಬಹುದು. ತಾಮ್ರದ ಸ್ವಭಾವವೇ ಬೇರೆ. ಮೇಲೆ ಕಟ್ಟಿದ ಕಪ್ಪನ್ನು ನಯವಾಗಿ ಉಜ್ಜಿ ತೆಗೆದು ಬಳಸಬಹುದು. ಸಂದುಗಳಿಗೆ ನೂಲು ಸುತ್ತುವುದು, ಸಾಬೂನು ಮೆತ್ತುವುದು ಇವು ಕೂಡದು. ಆ ನೂಲಿನ ಎಳೆಗಳೇ ಮುಂದೆ ನೋಸಲಿನ ರಂಧ್ರಕ್ಕೆ ಹೋಗಿ ಕೂರುವುವು.

ಗಾಳಿಯನ್ನು ಹೊರಡಿಸುವ ಕ್ರಮ

ಟ್ಯಾಂಕಿನಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ ಡೀಸೆಲು ತುಂಬಿ, ನಲ್ಲಿಯನ್ನು ಪೂರ್ತಿಯಾಗಿ ತೆರೆಯಬೇಕು. ಅರ್ಧ ತೆರೆದ ನಲ್ಲಿಯಿಂದಲೇ ಅರ್ಧ ದಿನ ಕಳೆದುಕೊಂಡವರುಂಟು. ಗಾಳಿಯನ್ನು ಯಾವಾಗಲೂ ಟ್ಯಾಂಕಿನ ಕಡೆಯಿಂದ ಇಂಜಿನಿನ ಕಡೆಗೆ, ಒಂದೊಂದೇ ಸ್ಥಾನದಲ್ಲಿ ಹೊರಡಿಸುತ್ತ ಹೋಗತಕ್ಕದ್ದು. ಮುಂದಿನದನ್ನು ಮೊದಲು ಮಾಡಿದರೆ ಹಿಂದಿನ ಗಾಳಿ ಮತ್ತೆ ಅಲ್ಲಿಗೇ ಬಂದು ಸೇರುವುದು.

ಮೊದಲು ಫಿಲ್ಟರಿನ ತಲೆಯ ಮೇಲಿರುವ ಗಾಳಿಯ ತಿರುಪನ್ನು ಒಂದೆರಡು ಸುತ್ತು ಸಡಲಿಸಬೇಕು. ಟ್ಯಾಂಕು ಮೇಲಿದ್ದರೆ ಡೀಸೆಲು ತಾನಾಗಿಯೇ ನೊರೆನೊರೆಯಾಗಿ ಬರುವುದು. ಫೀಡ್ ಪಂಪು ಇರುವಲ್ಲಿ ಅದರ ಕೈಗುಂಡಿಯನ್ನು ಒತ್ತುತ್ತಿರಬೇಕು. ಗುಳ್ಳೆಗಳೆಲ್ಲ ನಿಂತು, ಡೀಸೆಲು ಗಾಜಿನ ಕಡ್ಡಿಯಂತೆ ತಿಳಿಯಾಗಿ ಹರಿಯುವವರೆಗೆ ಕಾದು, ಅದು ಹರಿಯುತ್ತಿರುವಾಗಲೇ ತಿರುಪನ್ನು ಬಿಗಿಯಬೇಕು. ಹರಿವು ನಿಂತ ಮೇಲೆ ಬಿಗಿದರೆ ಒಂದು ಗುಟುಕು ಗಾಳಿ ಒಳಗೇ ಉಳಿಯುವುದು. ಫಿಲ್ಟರುಗಳು ಎರಡಿದ್ದರೆ ಎರಡನೆಯದಕ್ಕೂ ಹೀಗೆಯೇ ಮಾಡಿ, ಬಳಿಕ ಇಂಜೆಕ್ಷನ್ ಪಂಪಿನ ಮೇಲಿರುವ ತಿರುಪಿಗೆ ಬರಬೇಕು. ಆತುರಪಡದೆ ಇಲ್ಲಿ ಹೆಚ್ಚು ಹೊತ್ತು ಕಾಯುವುದು ಲೇಸು. ಗುಳ್ಳೆ ನಿಂತಿತೆಂದು ತೋರಿದ ಮೇಲೂ ಅರ್ಧ ನಿಮಿಷದ ಅನಂತರ ದೊಡ್ಡ ಗುಳ್ಳೆಯೊಂದು ಬರುವುದುಂಟು.

ಕೊನೆಯದಾಗಿ ನೋಸಲಿಗೆ ಹೋಗುವ ಉಕ್ಕಿನ ಕೊಳವೆ. ನೋಸಲಿನ ಬಳಿ ಅದರ ನಟ್ಟನ್ನು ಒಂದು ಸುತ್ತು ಸಡಲಿಸಿ, ವೇಗದ ಹಿಡಿಯನ್ನು ಪೂರ್ತಿ ಇಟ್ಟು, ಕೈಯಿಂದ ತಿರುಗಿಸುವ ಇಂಜಿನಾದರೆ ಡಿಕಂಪ್ರೆಷನ್ ಹಿಡಿಯನ್ನೆತ್ತಿ ಫ್ಲೈವೀಲನ್ನು ತಿರುಗಿಸಬೇಕು. ಮೊದಲು ನೊರೆ, ಬಳಿಕ ತಡೆ ತಡೆದು ತಿಳಿ ಡೀಸೆಲು ಹೊರಡುವುದು. ಆಗ ನಟ್ಟನ್ನು ಬಿಗಿದು ಇನ್ನೂ ನಾಲ್ಕಾರು ಸುತ್ತು ತಿರುಗಿಸಿದರೆ ನೋಸಲಿನಿಂದ ‘ಕಿರ್ರ್, ಕಿರ್ರ್’ ಎಂಬ ಒಂದು ಬಗೆಯ ಸದ್ದು ಕೇಳಿಬರುವುದು. ಆ ಸದ್ದು ಬಂದರೆ ಡೀಸೆಲು ಮಂಜಾಗಿ ಚಿಮ್ಮುತ್ತಿದೆಯೆಂದು ತಿಳಿದು, ಕೂಡಲೆ ಚಾಲೂ ಮಾಡಬಹುದು. ಸದ್ದು ಕೇಳುವ ಸಂತೋಷಕ್ಕಾಗಿ ತಿರುಗಿಸುತ್ತಲೇ ಇರಬಾರದು. ಸುಡದ ಡೀಸೆಲು ಸಿಲಿಂಡರಿನೊಳಗೆ ಶೇಖರವಾಗಿ, ಹೊತ್ತಿಕೊಂಡಾಗ ಇಂಜಿನು ವಿಪರೀತವಾಗಿ ಗುದ್ದುವುದು. ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳು ಇತರ ಬೆರಳುಗಳಿರುವ ಕಡೆಯಲ್ಲಿಯೇ ಇರಬೇಕು. ಇಂಜಿನು ಹಿಂದಕ್ಕೆ ಒದೆದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುವುದು.

ಬಿಚ್ಚಿ ಜೋಡಿಸಿದ ಇಂಜಿನನ್ನು ಮೊದಲ ಸಲ ಚಾಲೂ ಮಾಡುವ ಮುನ್ನ ಗವರ್ನರಿನಿಂದ ಪಂಪಿಗೆ ಹೋಗುವ ಕಡ್ಡಿಯು ಎಲ್ಲಿಯೂ ಸಿಕ್ಕದೆ ಸರಾಗವಾಗಿ ಆಡುತ್ತದೆಯೇ ಎಂದು ಕೈಯಿಂದ ಆಡಿಸಿ ನೋಡತಕ್ಕದ್ದು. ಅದು ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಇಂಜಿನಿನ ವೇಗವು ಹತೋಟಿ ಮೀರಿ ಏರುವುದು. ಆಗ ಡೀಸೆಲನ್ನು ನಿಲ್ಲಿಸಲಾಗದಿದ್ದರೆ, ಗಾಳಿಯೆಳೆಯುವ ಬಾಯಿಗೆ ಹಲಗೆಯ ತುಂಡನ್ನು ಒತ್ತಿ ಹಿಡಿಯುವುದೇ ಉಪಾಯ. ಇದಕ್ಕಾಗಿ ಹಲಗೆಯೊಂದು ಹತ್ತಿರವೇ ಇರಲಿ. ಅಂಗೈಯಿಂದ ಮುಚ್ಚುವ ಸಾಹಸ ಬೇಡ. ಚಾಲೂ ಆಗದ ಇಂಜಿನಿಗೆ ಪೆಟ್ರೋಲಿನಲ್ಲಿ ನೆನೆಸಿದ ಬಟ್ಟೆಯನ್ನು ಗಾಳಿಯ ಬಾಯಿಗೆ ಹಿಡಿಯುವ ಪದ್ಧತಿಯೂ ಕೆಲವೆಡೆ ಇದೆ. ಇದರಿಂದ ಪಿಸ್ಟನ್ನು ಬಿರಿದದ್ದೂ ಕೈ ಸುಟ್ಟದ್ದೂ ಉಂಟು. ಗಾಳಿ ಹಿಡಿದಿರುವ ಇಂಜಿನು ಪೆಟ್ರೋಲಿನ ವಾಸನೆಯಿಂದ ನಾಲ್ಕು ಸುತ್ತು ತಿರುಗಿದರೂ ಗಾಳಿಯೇನೂ ಹೋಗದು.

ಎಡವುವ ಸಮಯವನ್ನು ನೋಡಿ ಕಾರಣವನ್ನು ಊಹಿಸುವುದು

ಗಾಳಿಯನ್ನು ಪೂರ್ತಿಯಾಗಿ ಹೊರಡಿಸಿದ ಬಳಿಕವೂ ತೊಂದರೆ ಉಳಿದಿದ್ದರೆ, ಇಂಜಿನು ಯಾವಾಗ ಎಡವುತ್ತದೆಂಬುದನ್ನು ಗಡಿಯಾರವಿಟ್ಟು ನೋಡಬೇಕು. ಸದ್ದನ್ನು ಕೇಳಿ ಹತ್ತು ಜನ ಹತ್ತು ಮಾತು ಹೇಳುವುದಕ್ಕಿಂತ ಇದು ಹೆಚ್ಚು ಪ್ರಯೋಜನಕಾರಿ.

ಚಾಲೂ ಆಗಿ ಹತ್ತು ಹದಿನೈದು ನಿಮಿಷ ಚೆನ್ನಾಗಿ ನಡೆದು, ಬಳಿಕ ವೇಗವು ಏರುತ್ತ ಇಳಿಯುತ್ತ ಬಂದು ನಿಂತುಹೋಗಿ, ಸ್ವಲ್ಪ ಹೊತ್ತಿನ ಮೇಲೆ ಪುನಃ ಮೊದಲಿನಂತೆ ನಡೆದರೆ ಟ್ಯಾಂಕಿನ ಮುಚ್ಚಳವನ್ನು ನೋಡತಕ್ಕದ್ದು. ಆ ಮುಚ್ಚಳದಲ್ಲಿ ಗಾಳಿಯಾಡುವುದಕ್ಕೆ ಸಣ್ಣ ರಂಧ್ರವಿರುವುದು. ತೊಳೆಯುವಾಗ ಕೆಸರೋ ಬಣ್ಣವೋ ಅದನ್ನು ಮುಚ್ಚಿದ್ದರೆ, ಅಥವಾ ಕಳೆದುಹೋದ ಮುಚ್ಚಳಕ್ಕೆ ಬದಲಾಗಿ ಪ್ಲಾಸ್ಟಿಕ್ ಚೀಲವನ್ನು ಬಿಗಿಯಾಗಿ ಕಟ್ಟಿದ್ದರೆ, ಡೀಸೆಲು ಇಳಿದಂತೆಲ್ಲ ಟ್ಯಾಂಕಿನೊಳಗೆ ಗಾಳಿ ಸಾಲದೆ ಹರಿವು ನಿಲ್ಲುವುದು. ಇಂಜಿನು ಎಡವುತ್ತಿರುವಾಗ ಮುಚ್ಚಳವನ್ನು ಸಡಲಿಸಿದರೆ ‘ಸುಯ್’ ಎಂದು ಗಾಳಿ ಒಳನುಗ್ಗುವ ಸದ್ದು ಕೇಳಿ, ಇಂಜಿನು ಚೇತರಿಸಿಕೊಳ್ಳುವುದು. ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಸೂಜಿಯಿಂದ ರಂಧ್ರವನ್ನು ಬಿಡಿಸಿದರೆ ಸಾಕು.

ಬರಿದೆ ತಿರುಗುವಾಗ ಚೆನ್ನಾಗಿದ್ದು, ನೀರು ಏರತೊಡಗಿದೊಡನೆ ಬಲ ಕುಂದಿದರೆ ಡೀಸೆಲು ಸಾಕಷ್ಟು ಬರುತ್ತಿಲ್ಲವೆಂದು ಅರ್ಥ. ಕೊಳವೆ ಮಡಿಚಿಕೊಂಡಿರಬಹುದು, ಬೇರೆ ಜಾತಿಯ ಫಿಲ್ಟರನ್ನು ಹಾಕಿರಬಹುದು, ತೊಳೆದಾಗ ಕದಡಿದ ಟ್ಯಾಂಕಿನ ತುಕ್ಕು ನಲ್ಲಿಯ ಬಾಯಿಗೆ ಬಂದು ಕುಳಿತಿರಬಹುದು. ಕೊಳವೆಯ ತುದಿಯನ್ನು ಬಿಚ್ಚಿ ಸೀಸೆಗೆ ಹಿಡಿದರೆ ಹರಿವಿನ ಬಲ ತಿಳಿಯುವುದು.

ಯಾವ ನಿಯಮವೂ ಇಲ್ಲದೆ, ಒಮ್ಮೆ ಚೆನ್ನಾಗಿ ಒಮ್ಮೆ ಕೆಟ್ಟದಾಗಿ ನಡೆದರೆ ನೀರನ್ನು ಸಂಶಯಿಸಬೇಕು. ಬಿಳಿಯ ಗಾಜಿನ ಸೀಸೆಯಲ್ಲಿ ಟ್ಯಾಂಕಿನ ತಳದ ಡೀಸೆಲನ್ನು ಹಿಡಿದು ರಾತ್ರಿಯೆಲ್ಲ ಅಲುಗದಂತೆ ಇಟ್ಟರೆ, ಬೆಳಗ್ಗೆ ನೀರು ಕೆಳಗೆ ಬೇರೆಯಾಗಿ ನಿಂತಿರುವುದು. ಡೀಸೆಲು ಮಾರಿದವನ ಮೇಲೆ ದೂರು ಹೇಳುವವರು ಈ ಪರೀಕ್ಷೆಯನ್ನು ಎರಡು ಸೀಸೆಗಳಲ್ಲಿ ಮಾಡಬೇಕು: ಒಂದು ತಂದ ಕ್ಯಾನಿನಿಂದ, ಇನ್ನೊಂದು ತಮ್ಮದೇ ಟ್ಯಾಂಕಿನಿಂದ. ಟ್ಯಾಂಕನ್ನು ನೀರಿನಿಂದ ತೊಳೆದು ಬಿಸಿಲಿಗೆ ಒಣಗಿಸದೆ ತುಂಬಿದವರಿಗೆ ಉತ್ತರವು ತಮ್ಮ ಅಂಗಳದಲ್ಲಿಯೇ ದೊರೆಯುವುದು. ಟ್ಯಾಂಕನ್ನು ತೊಳೆಯುವುದಕ್ಕೆ ಡೀಸೆಲನ್ನೇ ಉಪಯೋಗಿಸತಕ್ಕದ್ದು. ಒರೆಸುವುದಕ್ಕೆ ಜುಂಗು ಬಿಡದ ಬಟ್ಟೆ ಬೇಕು, ಹತ್ತಿಯ ವೇಸ್ಟ್ ಕೂಡದು. ಕಾಗದದ ಫಿಲ್ಟರನ್ನು ತೊಳೆದು ಪುನಃ ಹಾಕುವುದು ಉಳಿತಾಯವಲ್ಲ. ತೊಳೆದಾಗ ಹರಿದ ಕಾಗದದಿಂದ ಕಸವೆಲ್ಲ ಪಂಪಿಗೆ ಹೋಗುವುದು. ಡೀಸೆಲನ್ನು ಸತುವಿನ ಲೇಪವುಳ್ಳ ತಗಡಿನ ಡಬ್ಬಿಗಳಲ್ಲಿ ಬಹುಕಾಲ ಇಡಬಾರದೆಂಬುದೂ ಗಮನಾರ್ಹ. ಸತುವು ಡೀಸೆಲಿನೊಡನೆ ಕೂಡಿ ಸಾಬೂನಿನಂಥ ಜಿಡ್ಡಾಗಿ ಫಿಲ್ಟರನ್ನು ಕಟ್ಟುವುದು.

ಕಪ್ಪು ಹೊಗೆಯೂ ನೀಲಿ ಹೊಗೆಯೂ ಬೇರೆ ಕಥೆಗಳು. ಕಪ್ಪು ಹೊಗೆ ಗಾಳಿ ಸಾಲದೆಯೋ ಡೀಸೆಲು ಹೆಚ್ಚಾಗಿಯೋ ಬರುವುದು. ನೀಲಿ ಹೊಗೆ ಕೀಲೆಣ್ಣೆ ಸುಡುವುದರ ಗುರುತು. ಡೀಸೆಲ್ ಮಾರ್ಗವನ್ನು ಶುದ್ಧಿಮಾಡಿದ್ದರಿಂದ ನೀಲಿ ಹೊಗೆ ಬರುವುದಿಲ್ಲ.

ಟ್ರಾಕ್ಟರುಗಳ ವಿಷಯ

ಮೂರು ನಾಲ್ಕು ಸಿಲಿಂಡರುಗಳುಳ್ಳ ಹಳೆಯ ಮಾದರಿಯ ಟ್ರಾಕ್ಟರುಗಳಲ್ಲಿ ಯಾವ ಸಿಲಿಂಡರು ಸುಮ್ಮನಿದೆಯೆಂದು ತಿಳಿಯಲು, ಇಂಜಿನು ನಿಧಾನವಾಗಿ ತಿರುಗುತ್ತಿರುವಾಗ ನೋಸಲುಗಳ ನಟ್ಟನ್ನು ಒಂದೊಂದಾಗಿ, ಬಟ್ಟೆ ಸುತ್ತಿ, ಮುಖವನ್ನು ದೂರವಿಟ್ಟು ಅರ್ಧ ಸುತ್ತು ಸಡಲಿಸುವರು. ಸಡಲಿಸಿದಾಗ ಸದ್ದು ಇನ್ನಷ್ಟು ಕೆಟ್ಟರೆ ಆ ಸಿಲಿಂಡರು ಕೆಲಸಮಾಡುತ್ತಿತ್ತು. ಯಾವ ಬದಲಾವಣೆಯೂ ಆಗದಿದ್ದರೆ ಗಾಳಿ ಕುಳಿತಿರುವುದು ಆ ಕೊಳವೆಯಲ್ಲಿಯೇ.

ಆದರೆ ಕಾಮನ್ ರೈಲ್ ಎಂಬ ಹೊಸ ವ್ಯವಸ್ಥೆಯುಳ್ಳ ಇಂಜಿನುಗಳಲ್ಲಿ ಈ ಪರೀಕ್ಷೆಯನ್ನು ಎಂದಿಗೂ ಮಾಡಕೂಡದು. ಐವತ್ತು ಕುದುರೆಶಕ್ತಿಗೆ ಮೇಲ್ಪಟ್ಟ ಟ್ರಾಕ್ಟರುಗಳಿಗೆ 2023ರ ಜನವರಿಯಿಂದ ಹೊಗೆಯ ನಿಯಮಗಳು ಬಿಗಿಯಾದ ಬಳಿಕ ಈ ವ್ಯವಸ್ಥೆ ಹಳ್ಳಿಗಳಲ್ಲಿಯೂ ಹೆಚ್ಚುತ್ತಿದೆ. ಇದರ ಕೊಳವೆಗಳಲ್ಲಿ ಒತ್ತಡವು ಹಳೆಯದಕ್ಕಿಂತ ಹಲವು ಪಟ್ಟು ಅಧಿಕ. ಚದರ ಸೆಂಟಿಮೀಟರಿಗೆ ಸಾವಿರ ಕಿಲೋಗ್ರಾಮನ್ನೂ ಮೀರುವುದು. ಇಂಥ ಟ್ರಾಕ್ಟರಿನಲ್ಲಿ ರೈತನು ಮಾಡಬಹುದಾದುದು ಫಿಲ್ಟರಿನವರೆಗಿನ ಕೆಲಸ, ಅದೂ ಕೈಪುಸ್ತಕದಲ್ಲಿ ಹೇಳಿದಷ್ಟೇ.

ಹಳೆಯ ಇಂಜಿನುಗಳಲ್ಲಿಯೂ ನೋಸಲಿನ ತುಂತುರಿಗೆ ಕೈಯೊಡ್ಡುವುದು ಅತ್ಯಂತ ಅಪಾಯಕರ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿ ಚಿಮ್ಮುವ ಡೀಸೆಲು ಚರ್ಮವನ್ನು ತೂರಿ ಒಳಸೇರುವುದು. ಹೊರಗೆ ಮುಳ್ಳು ಚುಚ್ಚಿದಷ್ಟು ಗುರುತು; ಮೊದಲು ನೋವೂ ಹೆಚ್ಚಿಲ್ಲ. ಆದಕಾರಣ ‘ಏನೂ ಆಗಿಲ್ಲ’ ಎಂದು ಅರಸಿನ ಮೆತ್ತಿ ಕುಳಿತುಕೊಳ್ಳುವರು. ಕೆಲವೇ ಗಂಟೆಗಳಲ್ಲಿ ಕೈ ಬಾತು, ಒಳಗಿನ ಮಾಂಸ ಕೊಳೆಯತೊಡಗಿ, ಬೆರಳನ್ನೇ ತೆಗೆಯಬೇಕಾಗಿ ಬರಬಹುದು. ಇಂಥ ಗಾಯವಾದವನನ್ನು ನೋವಿರಲಿ ಇಲ್ಲದಿರಲಿ ಒಡನೆಯೇ ಶಸ್ತ್ರಚಿಕಿತ್ಸೆಯ ಸೌಕರ್ಯವುಳ್ಳ ಆಸ್ಪತ್ರೆಗೆ ಕರೆದೊಯ್ದು, ಒತ್ತಡದ ಡೀಸೆಲು ಒಳಹೊಕ್ಕಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು. ಸೋರಿಕೆಯನ್ನು ಹುಡುಕುವುದಕ್ಕೆ ರಟ್ಟಿನ ತುಂಡನ್ನು ಹಿಡಿದರೆ ಅದರ ಮೇಲೆ ಕಲೆ ಬೀಳುವುದು, ಬೆರಳು ಬೇಕಾಗಿಲ್ಲ.

ಪಾಲಿನ ಇಂಜಿನುಗಳು

ನಾಲ್ಕಾರು ಮನೆಯವರು ಕೂಡಿ ಒಂದು ಇಂಜಿನನ್ನು ಇಟ್ಟುಕೊಂಡಿರುವ ಊರುಗಳಲ್ಲಿ ದೋಷಕ್ಕಿಂತ ಜಗಳವೇ ಹೆಚ್ಚು ದಿನ ತೆಗೆದುಕೊಳ್ಳುವುದುಂಟು. ತನ್ನ ಸರದಿಯಲ್ಲಿ ಕೆಟ್ಟಿತೆಂಬ ಅಪವಾದಕ್ಕೆ ಯಾರೂ ಸಿದ್ಧರಿರುವುದಿಲ್ಲ. ಯಾರು ಏನನ್ನು ಬಿಚ್ಚಿದರೆಂಬುದೂ ಹೊರಬೀಳುವುದಿಲ್ಲ. ಊರಿನ ಮುಖಂಡರು ಇಂಜಿನಿನ ಮನೆಯಲ್ಲಿ ಒಂದು ಪುಸ್ತಕವನ್ನಿಡಿಸಿ, ಫಿಲ್ಟರು ಬದಲಾಯಿಸಿದ ತಾರೀಖು, ನಡೆದ ಗಂಟೆಗಳು, ಬಿಚ್ಚಿದ ಸಂದುಗಳು, ಬಿಚ್ಚಿದವರ ಹೆಸರು ಇವಿಷ್ಟನ್ನು ಬರೆಯಿಸುವುದು ಯುಕ್ತ. ಬಿಚ್ಚಿದವನನ್ನು ದಂಡಿಸುವುದಕ್ಕಲ್ಲ, ಮೊದಲು ಎಲ್ಲಿ ನೋಡಬೇಕೆಂದು ತಿಳಿಯುವುದಕ್ಕೆ ಈ ಪುಸ್ತಕ ಬೇಕು; ದಂಡದ ಭಯವಿದ್ದಲ್ಲಿ ಯಾರೂ ನಿಜವನ್ನು ಬರೆಯಲಾರರು. ಅದೇ ಮನೆಯಲ್ಲಿ ಒಂದು ಡಬ್ಬಿಯೊಳಗೆ ಅಳತೆಗೆ ತಕ್ಕ ತಾಮ್ರದ ವಾಷರುಗಳು, ಒಂದು ಹೊಸ ಫಿಲ್ಟರು, ಎರಡು ಅಡಿ ಪಾರದರ್ಶಕ ಕೊಳವೆ, ಎರಡು ಕ್ಲಿಪ್ಪು, ಒಂದು ಬಿಳಿಯ ಸೀಸೆ ಸದಾ ಇರಬೇಕು. ಶುದ್ಧಿಮಾಡುವ ಕೆಲಸವನ್ನು ನೀರಿನ ಅವಸರವಿಲ್ಲದ ದಿನಗಳಲ್ಲಿ ಮುಗಿಸಿ, ಅರ್ಧ ದಿನ ನೀರೆತ್ತಿಸಿ ನೋಡುವ ಏರ್ಪಾಡು ಮಾಡಿದರೆ ಪೈರಿಗೆ ಅಪಾಯವಿಲ್ಲ. ತೊಳೆದ ಕೊಳಕು ಡೀಸೆಲನ್ನು ಬಾವಿಯ ಬಳಿಯಲ್ಲಿಯೂ ಕಾಲುವೆಯಲ್ಲಿಯೂ ಚೆಲ್ಲಗೊಡಬಾರದು.

ಇಷ್ಟೆಲ್ಲ ನೋಡಿದ ಬಳಿಕವೂ ಇಂಜಿನು ಎಡವುತ್ತಲೇ ಇದ್ದರೆ, ಆಗ ಪಂಪನ್ನೂ ನೋಸಲನ್ನೂ ಬಲ್ಲವರಿಗೆ ತೋರಿಸುವ ಕಾಲ ಬಂತು. ಪಂಪಿನೊಳಗಿನ ಪ್ಲಂಜರಿಗೂ ಅದರ ಸುತ್ತಣ ಬ್ಯಾರಲಿಗೂ ನಡುವಿನ ಅಂತರವು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ತಲೆಗೂದಲು ಇದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ದಪ್ಪ. ಅವೆರಡನ್ನೂ ಜೊತೆಯಾಗಿಯೇ ಉಜ್ಜಿ ಕೂಡಿಸಿರುವುದರಿಂದ ಒಂದರದನ್ನು ಮತ್ತೊಂದಕ್ಕೆ ಹಾಕಿದರೆ ಹೊಂದದು. ಆದಕಾರಣ ಇದನ್ನು ಹೊಲದ ಬದುವಿನ ಮೇಲೆ ಬಿಚ್ಚಕೂಡದು, ಇಡಿಯಾಗಿಯೇ ಕಳುಹಿಸತಕ್ಕದ್ದು. ಕಳಚುವ ಮೊದಲು ಸುತ್ತಲಿನ ಧೂಳನ್ನು ಡೀಸೆಲಿನಿಂದ ತೊಳೆದು, ಕಳಚಿದ ಕೂಡಲೆ ತೆರೆದ ಬಾಯಿಗಳಿಗೆಲ್ಲ ಶುದ್ಧವಾದ ಪ್ಲಾಸ್ಟಿಕ್ಕನ್ನು ಕಟ್ಟಬೇಕು. ಪಂಪಿನ ಅಡಿಯಲ್ಲಿ ತೆಳುವಾದ ತಗಡಿನ ಹಾಳೆಗಳಿರುವುದುಂಟು. ಡೀಸೆಲು ಬೀಳುವ ಸಮಯವು ಅವುಗಳ ದಪ್ಪವನ್ನು ಅವಲಂಬಿಸಿರುವುದರಿಂದ, ಎಷ್ಟಿದ್ದುವೆಂದು ಎಣಿಸಿ, ಒಂದನ್ನೂ ಕಳೆಯದೆ ದಾರದಲ್ಲಿ ಪೋಣಿಸಿ ಇಂಜಿನಿಗೇ ಕಟ್ಟಿಡತಕ್ಕದ್ದು.